ಲಿಯಾನ್: ನೇಕಾರರ ಗುಡ್ಡ ಹತ್ತದೆ ಮರಳಬೇಡಿ

ಕಳೆದ ಸಂಚಿಕೆಯಲ್ಲಿ ಪ್ಯಾರಿಸ್ಸಿನ ಪ್ರವಾಸದ ಬಗ್ಗೆ ಬರೆದ ಮೇಲೆ ಫ್ರಾನ್ಸಿನ ಬೇರೆ ಊರುಗಳನ್ನು ಕುರಿತು ಓದುಗರಿಂದ ಪತ್ರಗಳು ಬರುತ್ತಲೇ ಇವೆ. ಅವುಗಳಲ್ಲಿ ಹೆಚ್ಚಿನವು ಲಿಯಾನ್ ನಗರಕ್ಕೆ ಸಂಬಂಧಿಸಿದವು. ಹಲವಂತೂ ನಮ್ಮ ನೇಕಾರರ ಊರುಗಳಿಂದಲೇ ಬಂದಿವೆ. ಮೂರು ವರ್ಷ ಆ ಊರಿನಲ್ಲಿ ಬಾಡಿಗೆ ಮನೆ ಹಿಡಿದು ಬಾಳಿದ ನನಗೆ ಇದು ಬಹಳ ಸಂತೋಷದ ಸಂಗತಿ. ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಲಿಯಾನಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮದು ನೇಯ್ಗೆಯ ಮನೆತನ. ಮಗಳು ಲಿಯಾನಿನಲ್ಲಿ ಓದುತ್ತಿದ್ದಾಳೆ. ಮೇ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಅವಳನ್ನು ನೋಡಲು ಹೊರಟಿದ್ದೇವೆ. ಪ್ಯಾರಿಸ್ಸಿಗೆ ಮೂರು ರಾತ್ರಿ, ಸ್ವಿಟ್ಜರ್ಲೆಂಡಿಗೆ ನಾಲ್ಕು ರಾತ್ರಿ, ಲಿಯಾನಿಗೆ ಒಂದು ರಾತ್ರಿ ಎಂದು ಟ್ರಾವೆಲ್ಸಿನವರು ಲೆಕ್ಕ ಹಾಕಿ ಕೊಟ್ಟಿದ್ದಾರೆ. ಲಿಯಾನಿನಲ್ಲಿ ನೋಡುವಂಥದ್ದು ಹೆಚ್ಚೇನೂ ಇಲ್ಲ ಎನ್ನುತ್ತಾರೆ. ಇದು ನಿಜವೇ? — ಓದುಗರು, ದೊಡ್ಡಬಳ್ಳಾಪುರ

ಉತ್ತರ: ನಿಜವಲ್ಲ. ಬೇರೆ ಯಾರಾದರೂ ಕೇಳಿದ್ದರೆ ಎರಡು ರಾತ್ರಿ ಉಳಿಯಿರಿ ಎನ್ನುತ್ತಿದ್ದೆ. ಮಗ್ಗದ ಸದ್ದಿನಲ್ಲಿ ಬೆಳೆದ ನಿಮಗೆ ಮೂರು ರಾತ್ರಿ ಉಳಿಯಿರಿ ಎಂದು ಒತ್ತಾಯ ಮಾಡಿಯೇ ಹೇಳುತ್ತೇನೆ. ಸ್ವಿಟ್ಜರ್ಲೆಂಡಿನಿಂದ ಒಂದು ರಾತ್ರಿಯನ್ನು ಇತ್ತ ತೆಗೆದುಕೊಂಡರೂ ನಿಮಗೆ ನಷ್ಟವಾಗದು. ಪ್ಯಾರಿಸ್ಸಿನಿಂದ ಲಿಯಾನಿಗೆ ವೇಗದ ರೈಲಿನಲ್ಲಿ ಸುಮಾರು ಎರಡು ಗಂಟೆಯ ಪ್ರಯಾಣ, ಅಲ್ಲಿಂದ ಜಿನೀವಾಕ್ಕೆ ಮತ್ತೆ ಸುಮಾರು ಎರಡು ಗಂಟೆ. ಆದ್ದರಿಂದ ಊರು ನಿಮ್ಮ ದಾರಿಯಲ್ಲೇ ಇದೆ, ಸುತ್ತಿ ಬಳಸಿ ಹೋಗಬೇಕಾಗಿಲ್ಲ.

ಊರಿನ ಸ್ವರೂಪವನ್ನು ಮೊದಲು ಮನಸ್ಸಿನಲ್ಲಿ ಮೂಡಿಸಿಕೊಂಡರೆ ತಿರುಗಾಟ ಸುಲಭವಾಗುತ್ತದೆ. ಆಲ್ಪ್ಸ್ ಕಡೆಯಿಂದ ರಭಸವಾಗಿ ಬರುವ ರೋನ್ ನದಿಯೂ ಉತ್ತರದಿಂದ ನಿಧಾನವಾಗಿ ಹರಿದು ಬರುವ ಸೋನ್ ನದಿಯೂ ಇಲ್ಲಿ ಕೂಡುತ್ತವೆ. ಎರಡೂ ನದಿಗಳ ನಡುವಿನ ಉದ್ದನೆಯ ನೆಲದಲ್ಲಿ ಇಂದಿನ ಪೇಟೆ, ದೊಡ್ಡ ಚೌಕಗಳು, ನಗರಸಭೆಯ ಕಟ್ಟಡ ಇವೆ. ಸೋನ್ ದಾಟಿದರೆ ಪಶ್ಚಿಮಕ್ಕೆ ಫೂರ್ವಿಯೇರ್ ಗುಡ್ಡ; ಅದರ ಬುಡದಲ್ಲಿ ಹಳೆಯ ಲಿಯಾನ್. ಪೇಟೆಯ ಉತ್ತರ ತುದಿಯಲ್ಲಿ ಏರುವುದು ಕ್ರ್ವಾ-ರೂಸ್ ಗುಡ್ಡ. ಚರ್ಚುಗಳೂ ಕಾನ್ವೆಂಟುಗಳೂ ತುಂಬಿದ ಮೊದಲನೆಯದನ್ನು ಪ್ರಾರ್ಥಿಸುವ ಗುಡ್ಡವೆಂದೂ ಮಗ್ಗಗಳು ತುಂಬಿದ್ದ ಎರಡನೆಯದನ್ನು ದುಡಿಯುವ ಗುಡ್ಡವೆಂದೂ ಆ ಊರಿನವರು ಇಂದಿಗೂ ಕರೆಯುತ್ತಾರೆ.

ಮೊದಲ ದಿನ ಫೂರ್ವಿಯೇರಿಗೆ ಹೋಗಿ. ಕ್ರಿ.ಪೂ. 43ರಲ್ಲಿ ಮುನಾಟಿಯಸ್ ಪ್ಲಾಂಕಸ್ ಎಂಬ ರೋಮನ್ ಅಧಿಕಾರಿ ಲುಗ್ದುನುಮ್ ಎಂಬ ಹೆಸರಿನಲ್ಲಿ ಊರು ಕಟ್ಟಿದ್ದು ಈ ಗುಡ್ಡದ ಮೇಲೆ. ಮುಂದೆ ಅದು ಗಾಲ್, ಅಂದರೆ ಇಂದಿನ ಫ್ರಾನ್ಸಿನ ಸುತ್ತಲಿನ ಪ್ರದೇಶದ, ಪ್ರಾಂತ್ಯಗಳ ರಾಜಧಾನಿಯಾಯಿತು; ಕ್ಲಾಡಿಯಸ್ ಚಕ್ರವರ್ತಿ ಹುಟ್ಟಿದ್ದು ಇಲ್ಲಿಯೇ, ಕ್ರಿ.ಪೂ. 10ರಲ್ಲಿ. ಸುಮಾರು ಹತ್ತು ಸಾವಿರ ಜನ ಕೂರಬಹುದಾಗಿದ್ದ ಕಲ್ಲಿನ ರಂಗಮಂದಿರ ಗುಡ್ಡದ ಇಳಿಜಾರಿಗೆ ಒರಗಿ ನಿಂತಿದೆ. ಒಳಗೆ ಹೋಗಲು ಟಿಕೆಟ್ ಬೇಕಾಗಿಲ್ಲ. ಪಕ್ಕದಲ್ಲೇ ನೆಲದೊಳಗೆ ಇಳಿಯುತ್ತ ಹೋಗುವಂತೆ ಕಟ್ಟಿದ ವಸ್ತುಸಂಗ್ರಹಾಲಯವಿದೆ. ಅಲ್ಲಿ ಬೇರೇನನ್ನು ಬಿಟ್ಟರೂ ಕ್ಲಾಡಿಯಸ್ಸನ ಕಂಚಿನ ಫಲಕವನ್ನು ಬಿಡಬೇಡಿ. ಗಾಲ್ ಪ್ರದೇಶದ ಪ್ರಮುಖರಿಗೂ ರೋಮಿನ ಸೆನೆಟ್ಟಿನಲ್ಲಿ ಸ್ಥಾನ ಸಿಗಬೇಕೆಂದು ಕ್ರಿ.ಶ. 48ರಲ್ಲಿ ಅವನು ವಾದಿಸಿದ ಭಾಷಣವನ್ನು ಅದರ ಮೇಲೆ ಕೊರೆಯಲಾಗಿದೆ. ಹೊರಗಿನವರು ನಮ್ಮವರಾಗುವುದು ಹೇಗೆ ಎಂಬ ಪ್ರಶ್ನೆಗೆ ಎರಡು ಸಾವಿರ ವರ್ಷದ ಹಿಂದೆ ಒಬ್ಬ ಅರಸ ಕೊಟ್ಟ ಉತ್ತರದ ಮುಂದೆ ನಾವು ನಿಂತಿರುತ್ತೇವೆ. ಫಲಕ ಸಿಕ್ಕಿದ್ದು ಮಾತ್ರ 1528ರಲ್ಲಿ, ಆಚೆಯ ಕ್ರ್ವಾ-ರೂಸ್ ಗುಡ್ಡದಲ್ಲಿ.

ಗುಡ್ಡದ ತುದಿಯಲ್ಲಿರುವ ಬಿಳಿಯ ಬೆಸಿಲಿಕಾದ ನಿರ್ಮಾಣ ಆರಂಭವಾದದ್ದು 1872ರಲ್ಲಿ. ನಾಲ್ಕು ಮೂಲೆಗೆ ನಾಲ್ಕು ಗೋಪುರಗಳಿರುವುದರಿಂದ ಆ ಊರಿನವರು ಅದನ್ನು ಕಾಲು ಮೇಲೆ ಮಾಡಿ ಮಲಗಿದ ಆನೆಯೆಂದು ಕರೆಯುತ್ತಾರೆ. ಒಮ್ಮೆ ಹಾಗೆ ಕೇಳಿದ ಮೇಲೆ ಕಣ್ಣಿಗೆ ಆನೆಯೇ ಕಾಣುತ್ತದೆ. ಅದರ ಹಿಂಬದಿಯ ಜಗಲಿಯಿಂದ ಇಡೀ ಊರು, ಎರಡೂ ನದಿಗಳು, ಆಕಾಶ ತಿಳಿಯಾಗಿದ್ದ ದಿನ ಮಾಂ ಬ್ಲಾಂ ಶಿಖರವೂ ಕಾಣುತ್ತವೆ.

ಎರಡನೆಯ ದಿನ ನಿಮ್ಮದು, ಅಂದರೆ ನೇಕಾರರದು. ಬೆಳಿಗ್ಗೆಯೇ ಕ್ರ್ವಾ-ರೂಸ್ ಹತ್ತಿ. ಬೀದಿಯಲ್ಲಿ ನಿಂತು ಮನೆಗಳ ಕಿಟಕಿಗಳನ್ನು ನೋಡಿ: ಎತ್ತರವಾಗಿ, ಒತ್ತೊತ್ತಾಗಿ, ಅಲಂಕಾರವಿಲ್ಲದೆ ಇವೆ. ಒಳಗೆ ಚಾವಣಿ ಸುಮಾರು ನಾಲ್ಕು ಮೀಟರು ಎತ್ತರದಲ್ಲಿರುತ್ತದೆ. ಶ್ರೀಮಂತಿಕೆಗಾಗಿ ಹೀಗೆ ಕಟ್ಟಿದ್ದಲ್ಲ. ಚಿತ್ತಾರ ನೇಯಿಸುವ ಜಕಾರ್ಡ್ ಪೆಟ್ಟಿಗೆ ಕೂರಿಸಿದ ಮಗ್ಗ ಅಷ್ಟು ಎತ್ತರವಿರುತ್ತಿತ್ತು, ರೇಷ್ಮೆ ಎಳೆಯ ಬಣ್ಣ ತಿಳಿಯಲು ಅಷ್ಟು ಬೆಳಕು ಬೇಕಾಗಿತ್ತು. ಮಗ್ಗದ ಅಳತೆಗೆ ಮನೆ, ಮನೆಯ ಅಳತೆಗೆ ಬೀದಿ ಎಂಬಂತೆ ಇಡೀ ಬಡಾವಣೆಯೇ ಎದ್ದು ನಿಂತಿದೆ. ಮಗ್ಗದ ಪಕ್ಕದಲ್ಲೇ ಮರದ ಅಟ್ಟ ಕಟ್ಟಿಕೊಂಡು ಸಂಸಾರ ಅದರ ಮೇಲೆ ಮಲಗುತ್ತಿತ್ತು. ಇದನ್ನು ವಿವರಿಸಿ ಹೇಳಬೇಕಾದ ಅಗತ್ಯ ನಿಮಗಿಲ್ಲ ಎಂದು ನನಗೆ ಗೊತ್ತು.

ಅಲ್ಲಿ ‘ಮೇಜೋಂ ದೇ ಕಾನ್ಯೂ’ ಎಂಬ ಪುಟ್ಟ ಸಂಗ್ರಹಾಲಯವಿದೆ. ‘ಕಾನ್ಯೂ’ ಎಂದರೆ ಲಿಯಾನಿನ ರೇಷ್ಮೆ ನೇಕಾರ. ಅಲ್ಲಿ ಕೈಮಗ್ಗವನ್ನು ನಡೆಸಿ ತೋರಿಸುತ್ತಾರೆ. ನಾನು ಮೊದಲ ಸಲ ಹೋದಾಗ ನೇಯುವವರು ತುಳಿಹಲಗೆ ಒತ್ತಿದ ಕೂಡಲೇ ತಲೆಯ ಮೇಲೆ ರಟ್ಟಿನ ಕಾರ್ಡುಗಳ ಮಾಲೆ ಒಂದು ಹೆಜ್ಜೆ ಸರಿಯಿತು. ಕಾರ್ಡಿನಲ್ಲಿ ತೂತಿದ್ದ ಕಡೆ ಸೂಜಿ ಒಳನುಗ್ಗಿತು, ಅದಕ್ಕೆ ಸೇರಿದ ಕೊಕ್ಕೆ ಮೇಲೆದ್ದಿತು, ಕೊಕ್ಕೆಯ ಜೊತೆ ಹಾಸಿನ ಎಳೆಗಳು ಎದ್ದವು. ತೂತಿಲ್ಲದ ಕಡೆಯ ಎಳೆಗಳು ಅಲ್ಲಾಡಲಿಲ್ಲ. ನಡುವಿನ ಬಾಯಿಯಲ್ಲಿ ಲಾಳಿ ಹಾಯಿತು. ಆ ಸದ್ದನ್ನೇ ಅನುಕರಿಸಿ ಲಿಯಾನಿನವರು ಮಗ್ಗಕ್ಕೆ ‘ಬಿಸ್ತಾಂಕ್ಲಾಕ್’ ಎಂದು ಹೆಸರಿಟ್ಟಿದ್ದಾರೆ. ನಿಮ್ಮ ಕಿವಿಗೆ ಅದು ಹೇಗೆ ಕೇಳಿಸಿತೆಂದು ಮರಳಿದ ಮೇಲೆ ತಪ್ಪದೆ ಬರೆಯಿರಿ.

ನಿಮ್ಮೂರಿನ ಮಗ್ಗಗಳ ಮೇಲೆ ಕೂತಿರುವ ಜಕಾರ್ಡ್ ಎಂಬ ಹೆಸರು ಇದೇ ಊರಿನಲ್ಲಿ 1752ರಲ್ಲಿ ಹುಟ್ಟಿದ ಜೋಸೆಫ್ ಮರಿ ಜಕಾರ್ಡನದು. ಎಲ್ಲವನ್ನೂ ಅವನೊಬ್ಬನೇ ಕಂಡುಹಿಡಿದನೆಂದು ಹೇಳುವುದು ಮಾತ್ರ ಸರಿಯಲ್ಲ. ತೂತು ಕೊರೆದ ಕಾಗದದಿಂದ ಎಳೆ ಆರಿಸುವ ಉಪಾಯವನ್ನು 1725ರಲ್ಲೇ ಬಾಸಿಲ್ ಬೂಶೋಂ ಎಂಬವನು ಇದೇ ಲಿಯಾನಿನಲ್ಲಿ ಮಾಡಿದ್ದ. ಅವನ ನಂತರ ಫಾಲ್ಕೋಂ ಕಾರ್ಡುಗಳನ್ನು ತಂದ, ವೋಕಾನ್ಸೋಂ ಯಂತ್ರವನ್ನು ಮಗ್ಗದ ನೆತ್ತಿಗೆ ಏರಿಸಿದ. ಇವೆಲ್ಲವನ್ನೂ ಕೂಡಿಸಿ, 1804ರ ಹೊತ್ತಿಗೆ ನೇಕಾರನೊಬ್ಬನೇ ನಡೆಸಬಹುದಾದ ಸಾಧನವಾಗಿಸಿದ್ದು ಜಕಾರ್ಡನ ಹಿರಿಮೆ. ಅದಕ್ಕೆ ಮುಂಚೆ ಚಿತ್ತಾರದ ಬಟ್ಟೆಗೆ ಮಗ್ಗದ ಪಕ್ಕ ನಿಂತು ದಿನವಿಡೀ ಹಗ್ಗ ಎಳೆಯುವ ಸಹಾಯಕರು ಬೇಕಾಗಿತ್ತು, ಅನೇಕ ವೇಳೆ ಮಕ್ಕಳೇ. 1839ರಲ್ಲಿ ಲಿಯಾನಿನ ನೇಕಾರರು ಸುಮಾರು 24,000 ಕಾರ್ಡುಗಳನ್ನು ಬಳಸಿ ಜಕಾರ್ಡನ ಭಾವಚಿತ್ರವನ್ನೇ ರೇಷ್ಮೆಯಲ್ಲಿ ನೇಯ್ದರು. ಅದರ ಒಂದು ಪ್ರತಿ ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಅವರ ಬಳಿಯಿತ್ತು. ತಮ್ಮ ಲೆಕ್ಕದ ಯಂತ್ರಕ್ಕೆ ಆದೇಶ ಕೊಡಲು ಅವರು ಆರಿಸಿಕೊಂಡದ್ದು ಈ ತೂತಿನ ಕಾರ್ಡುಗಳನ್ನೇ. ಕಂಪ್ಯೂಟರ್ ಓದುವ ನಮ್ಮ ಮಕ್ಕಳಿಗೆ ಈ ಸಂಗತಿಯನ್ನು ಮಗ್ಗದ ಮುಂದೆ ನಿಲ್ಲಿಸಿಯೇ ಹೇಳಬೇಕು.

ವೀಸಾ ವಿಷಯದಲ್ಲಿ ಎರಡು ಮಾತು. ಫ್ರಾನ್ಸ್, ಸ್ವಿಟ್ಜರ್ಲೆಂಡ್ ಎರಡೂ ಷೆಂಗೆನ್ ಒಕ್ಕೂಟದಲ್ಲಿರುವುದರಿಂದ ಒಂದೇ ವೀಸಾ ಸಾಕು. ಹೆಚ್ಚು ರಾತ್ರಿ ತಂಗುವ ದೇಶಕ್ಕೆ ಅರ್ಜಿ ಹಾಕಬೇಕೆಂಬುದು ನಿಯಮ. ನಿಮ್ಮ ಈಗಿನ ಲೆಕ್ಕದಲ್ಲಿ ಎರಡೂ ದೇಶಗಳಿಗೆ ನಾಲ್ಕು ನಾಲ್ಕು ರಾತ್ರಿ ಬೀಳುತ್ತದೆ. ಲಿಯಾನಿಗೆ ದಿನ ಹೆಚ್ಚಿಸಿದರೆ ಫ್ರಾನ್ಸಿಗೇ ಅರ್ಜಿ ಎಂಬುದು ಸ್ಪಷ್ಟವಾಗುತ್ತದೆ. ಮಗಳ ಮನೆಯಲ್ಲೇ ಉಳಿಯುವುದಾದರೆ ಅವಳು ಅಲ್ಲಿನ ನಗರಸಭೆಯಿಂದ ‘ಅತಿಥಿ ಸ್ವೀಕಾರ’ದ ಪ್ರಮಾಣಪತ್ರ ಪಡೆದು ಅದರ ಮೂಲಪ್ರತಿಯನ್ನು ನಿಮಗೆ ಕಳುಹಿಸಬೇಕು. ಆಗ ಮನೆಯ ವಿಸ್ತೀರ್ಣವನ್ನೂ ಅವರು ನೋಡುತ್ತಾರೆ. ವಿದ್ಯಾರ್ಥಿಗಳ ಒಂಟಿ ಕೋಣೆಗೆ ಅದು ಸಿಗುವುದು ಕಷ್ಟ. ಅಂಥ ಸಂದರ್ಭದಲ್ಲಿ ಹೋಟೆಲ್ ಕಾದಿರಿಸುವುದೇ ನೆಮ್ಮದಿ.

ಪ್ರಶ್ನೆ: ವಾಸ್ತುಶಿಲ್ಪದ ವಿದ್ಯಾರ್ಥಿನಿ ನಾನು. ಲಿಯಾನಿನ ‘ತ್ರಾಬೂಲ್’ ಎಂಬ ಗುಪ್ತ ದಾರಿಗಳ ಬಗ್ಗೆ ಕೇಳಿದ್ದೇನೆ. ಅವುಗಳನ್ನು ಹುಡುಕುವುದು ಹೇಗೆ? ಒಳಗೆ ಹೋಗಲು ಅನುಮತಿ ಬೇಕೇ? — ಓದುಗರು, ಮೈಸೂರು

ಉತ್ತರ: ಗುಪ್ತ ದಾರಿ ಎಂಬ ಮಾತು ಕೇಳಲು ಚೆನ್ನಾಗಿದ್ದರೂ ಇವು ಮೂಲದಲ್ಲಿ ದಿನಬಳಕೆಯ ಒಳದಾರಿಗಳು. ಒಂದು ಬೀದಿಯ ಮನೆಯ ಬಾಗಿಲಿನಿಂದ ಒಳಹೊಕ್ಕು, ಕತ್ತಲೆಯ ಓಣಿಯಲ್ಲಿ ನಡೆದು, ಅಂಗಳ ದಾಟಿ, ಹಿಂದಿನ ಬೀದಿಯ ಇನ್ನೊಂದು ಮನೆಯ ಬಾಗಿಲಿನಿಂದ ಹೊರಬರುವುದೇ ತ್ರಾಬೂಲ್. ಹಾದು ನಡೆಯುವುದು ಎಂಬ ಅರ್ಥದ ಲ್ಯಾಟಿನ್ ಪದದಿಂದ ಈ ಹೆಸರು ಬಂದಿದೆ. ಹಳೆಯ ಲಿಯಾನಿನಲ್ಲಿ ಬೀದಿಗಳು ಸೋನ್ ನದಿಗೆ ಸಮಾನಾಂತರವಾಗಿ ಉದ್ದಕ್ಕೆ ಹೋಗುತ್ತವೆ, ಅವುಗಳನ್ನು ಕೂಡಿಸುವ ಅಡ್ಡ ಬೀದಿಗಳು ಬಹಳ ಕಡಿಮೆ. ಆದ್ದರಿಂದ ಮನೆಗಳ ನಡುವೆಯೇ ದಾರಿ ಬಿಡಬೇಕಾಯಿತು. ಕ್ರ್ವಾ-ರೂಸ್ ಇಳಿಜಾರಿನಲ್ಲಿ ರೇಷ್ಮೆ ಬಟ್ಟೆಯ ಸುರುಳಿಗಳನ್ನು ಮಳೆಗೆ ಸಿಕ್ಕದಂತೆ ಕೆಳಗಿನ ವ್ಯಾಪಾರಿಗಳಿಗೆ ಒಯ್ಯಲು ಇವು ನೆರವಾದವು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಆಕ್ರಮಣವನ್ನು ವಿರೋಧಿಸಿದ ಗುಂಪುಗಳಿಗೂ ಇವೇ ತಪ್ಪಿಸಿಕೊಳ್ಳುವ ದಾರಿಗಳಾದವು.

ನೀವು ಮೊದಲು ಸೇಂಟ್-ಜಾನ್ ಬೀದಿಯ 54ನೆಯ ಸಂಖ್ಯೆಯ ಬಾಗಿಲಿಗೆ ಹೋಗಿ. ಗೋಡೆಯಲ್ಲಿರುವ ಗುಂಡಿ ಒತ್ತಿ, ಭಾರವಾದ ಬಾಗಿಲನ್ನು ತಳ್ಳಿದರೆ ತೆರೆಯುತ್ತದೆ. ಅಲ್ಲಿಂದ ಹಲವು ಕಟ್ಟಡಗಳನ್ನು ಹಾದು ಬೆಫ್ ಬೀದಿಯ 27ನೆಯ ಬಾಗಿಲಿನಲ್ಲಿ ಹೊರಬರುತ್ತೀರಿ; ಹಳೆಯ ಲಿಯಾನಿನ ಅತಿ ಉದ್ದದ ತ್ರಾಬೂಲ್ ಇದು. ಕ್ರ್ವಾ-ರೂಸಿನಲ್ಲಿ ಕೊಲ್ಬೇರ್ ಚೌಕದ 9ನೆಯ ಸಂಖ್ಯೆಯಲ್ಲಿರುವ ‘ವೊರಾಸ್ ಅಂಗಳ’ವನ್ನು ವಾಸ್ತುಶಿಲ್ಪದವರು ಖಂಡಿತ ನೋಡಬೇಕು. ಅದರ ಆರು ಅಂತಸ್ತಿನ ಕಲ್ಲಿನ ಮೆಟ್ಟಿಲ ಸಾಲು ಹೊರಮುಖವಾಗಿ ತೆರೆದುಕೊಂಡಿದೆ. ಕೆಳಗೆ ನಿಂತು ಕತ್ತೆತ್ತಿದರೆ ಇಳಿಜಾರಿನ ಗುಡ್ಡವನ್ನೇ ಕಟ್ಟಡವಾಗಿ ಮಡಚಿಟ್ಟಂತೆ ತೋರುತ್ತದೆ.

ಅನುಮತಿಯ ಬಗ್ಗೆ ಹೇಳುವುದಾದರೆ, ನೂರಾರು ತ್ರಾಬೂಲುಗಳಲ್ಲಿ ಕೆಲವನ್ನು ಮಾತ್ರ ಮನೆಯವರೂ ನಗರಸಭೆಯೂ ಮಾಡಿಕೊಂಡ ಒಪ್ಪಂದದ ಮೇಲೆ ಹಗಲಿನಲ್ಲಿ ತೆರೆದಿಡುತ್ತಾರೆ. ಬೆಳಿಗ್ಗೆ ಹೋದರೆ ಹೆಚ್ಚು ಬಾಗಿಲುಗಳು ತೆರೆದಿರುತ್ತವೆ. ಒಳಗೆ ಜನ ಸಂಸಾರ ಮಾಡಿಕೊಂಡಿದ್ದಾರೆ. ಅಂಗಳದಲ್ಲಿ ಅವರ ಸೈಕಲ್ಲು, ಅಂಚೆ ಡಬ್ಬಿ, ಕಸದ ತೊಟ್ಟಿ ಇರುತ್ತವೆ. ನಿಮ್ಮ ಅಜ್ಜಿಯ ಮನೆಯ ತೊಟ್ಟಿಗೆ ಅಪರಿಚಿತರು ಕ್ಯಾಮೆರಾ ಹಿಡಿದು ಬಂದರೆ ಹೇಗಿರುತ್ತದೆಂದು ನೆನೆದುಕೊಂಡು, ಮಾತನ್ನು ಕಡಿಮೆ ಮಾಡಿ, ಕಿಟಕಿಗಳ ಚಿತ್ರ ತೆಗೆಯದೆ ನಡೆಯಿರಿ.

ಇನ್ನೊಂದು ಸಂಗತಿಯನ್ನು ವಾಸ್ತುಶಿಲ್ಪದ ವಿದ್ಯಾರ್ಥಿನಿಯಾದ ನಿಮಗೆ ಹೇಳಲೇಬೇಕು. ಕಳೆದ ಶತಮಾನದ ನಡುವಿನಲ್ಲಿ ಹಳೆಯ ಲಿಯಾನ್ ಶಿಥಿಲವಾಗಿ, ಕೊಳೆಗೇರಿಯೆಂದು ಹೆಸರು ಕೆಡಿಸಿಕೊಂಡಿತ್ತು. ರಸ್ತೆಗಾಗಿ ಅದರ ಒಂದು ಭಾಗವನ್ನು ಕೆಡವುವ ಆಲೋಚನೆಯೂ ನಡೆದಿತ್ತು. ಊರಿನ ನಿವಾಸಿಗಳು ಸಂಘ ಕಟ್ಟಿ ವಿರೋಧಿಸಿದರು. ಆಗ ಸಂಸ್ಕೃತಿ ಸಚಿವರಾಗಿದ್ದ ಆಂದ್ರೆ ಮಾಲ್ರೋ 1962ರಲ್ಲಿ ತಂದ ಕಾನೂನಿನಡಿ, 1964ರಲ್ಲಿ ಇದು ಫ್ರಾನ್ಸಿನ ಮೊತ್ತಮೊದಲ ಸಂರಕ್ಷಿತ ಬಡಾವಣೆಯಾಯಿತು. ಒಂದು ಕಟ್ಟಡವನ್ನಷ್ಟೇ ಅಲ್ಲ, ಇಡೀ ಬಡಾವಣೆಯನ್ನೇ ಉಳಿಸಬೇಕೆಂಬ ವಿಚಾರ ಅಲ್ಲಿ ಕಾರ್ಯರೂಪಕ್ಕೆ ಬಂತು. 1998ರಲ್ಲಿ ಯುನೆಸ್ಕೊ ಹಳೆಯ ಲಿಯಾನನ್ನು, ಎರಡೂ ಗುಡ್ಡಗಳ ಭಾಗಗಳನ್ನು, ನದಿಗಳ ನಡುವಿನ ಪೇಟೆಯನ್ನು ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮೈಸೂರಿನ ಹಳೆಯ ಮಾರುಕಟ್ಟೆಗಳನ್ನು ಉಳಿಸಬೇಕೋ ಕೆಡವಬೇಕೋ ಎಂಬ ಚರ್ಚೆಯನ್ನು ಕೇಳುತ್ತ ಬೆಳೆದ ನಿಮ್ಮ ಪೀಳಿಗೆ ಆ ಬೀದಿಗಳಲ್ಲಿ ಒಂದು ದಿನ ಹೆಚ್ಚಾಗಿಯೇ ಕಳೆಯಲಿ ಎಂಬುದು ನನ್ನ ಆಸೆ.

ಪ್ರಶ್ನೆ: ಲಿಯಾನಿನ ನೇಕಾರರು ಯಂತ್ರಗಳ ವಿರುದ್ಧ ದಂಗೆ ಎದ್ದರೆಂದು ಎಲ್ಲೋ ಓದಿದ ನೆನಪು. ಅದರ ಕುರುಹು ಈಗಲೂ ಕಾಣುತ್ತದೆಯೇ? — ನಿವೃತ್ತ ಶಿಕ್ಷಕರು, ಬನಹಟ್ಟಿ

ಉತ್ತರ: ಗುರುಗಳೇ, ತಾವು ಓದಿದ್ದರಲ್ಲಿ ಒಂದು ತಿದ್ದುಪಡಿ ಬೇಕು. ಜಕಾರ್ಡ್ ಯಂತ್ರ ಹೊಸದಾಗಿ ಬಂದ ಕಾಲದಲ್ಲಿ ಅದರ ಬಗ್ಗೆ ನೇಕಾರರಿಗೆ ಸಿಟ್ಟಿದ್ದದ್ದು ಹೌದು. ಆದರೆ 1831ರ ನವೆಂಬರಿನ ದೊಡ್ಡ ದಂಗೆ ಯಂತ್ರದ ವಿರುದ್ಧವಾಗಿರಲಿಲ್ಲ, ಅದು ಮಜೂರಿಗಾಗಿ ನಡೆದದ್ದು. ಅಲ್ಲಿನ ವ್ಯವಸ್ಥೆ ತಮ್ಮ ಊರಿನವರಿಗೆ ಅಪರಿಚಿತವಲ್ಲ. ನೂಲು ಮತ್ತು ವಿನ್ಯಾಸ ವ್ಯಾಪಾರಿಯವು. ಮಗ್ಗ ಮನೆಯ ಯಜಮಾನನದು. ನೇಯ್ದ ಅಳತೆಗೆ ತಕ್ಕಂತೆ ಮಜೂರಿ. ವ್ಯಾಪಾರಿಗಳು ಕೆಲವು ನೂರು ಮಂದಿ, ಮಗ್ಗದ ಯಜಮಾನರು ಸುಮಾರು ಎಂಟು ಸಾವಿರ, ಅವರ ಕೈಕೆಳಗೆ ದುಡಿಯುವವರು ಹತ್ತಾರು ಸಾವಿರ. ಬೆಲೆ ಇಳಿದಾಗಲೆಲ್ಲ ಹೊರೆ ಮಗ್ಗದ ಮೇಲೆ ಬೀಳುತ್ತಿತ್ತು.

ಕನಿಷ್ಠ ಮಜೂರಿಯ ಪಟ್ಟಿಯೊಂದನ್ನು ಆ ವರ್ಷ ಅಕ್ಟೋಬರಿನಲ್ಲಿ ಜಿಲ್ಲೆಯ ಮುಖ್ಯಾಧಿಕಾರಿಯ ಸಮ್ಮುಖದಲ್ಲಿ ಎರಡೂ ಕಡೆಯ ಪ್ರತಿನಿಧಿಗಳು ಒಪ್ಪಿದರು. ಆದರೆ ಹಲವು ವ್ಯಾಪಾರಿಗಳು ಅದನ್ನು ಪಾಲಿಸಲು ನಿರಾಕರಿಸಿದರು. ನವೆಂಬರ್ 21ರಂದು ಕ್ರ್ವಾ-ರೂಸಿನ ನೇಕಾರರು ಮಗ್ಗ ನಿಲ್ಲಿಸಿ ಗುಡ್ಡ ಇಳಿದು ಬಂದರು. ದುಡಿಯುತ್ತ ಬದುಕುವುದು, ಇಲ್ಲವೇ ಹೋರಾಡುತ್ತ ಸಾಯುವುದು ಎಂಬ ಮಾತನ್ನು ಬರೆದ ಕಪ್ಪು ಬಾವುಟ ಅವರ ಕೈಯಲ್ಲಿತ್ತು. ಘರ್ಷಣೆಯಲ್ಲಿ ಎರಡೂ ಕಡೆ ಸಾವುಗಳಾದವು. ಸೈನ್ಯ ಹಿಂದೆ ಸರಿದು ಊರು ನೇಕಾರರ ಕೈಗೆ ಬಂತು. ಡಿಸೆಂಬರ್ ಆರಂಭದಲ್ಲಿ ದೊಡ್ಡ ಸೈನ್ಯದೊಡನೆ ಮಾರ್ಷಲ್ ಸೂಲ್ಟ್ ಬಂದು ಊರನ್ನು ಮರಳಿ ವಶಪಡಿಸಿಕೊಂಡ. ಮಜೂರಿಯ ಪಟ್ಟಿ ರದ್ದಾಯಿತು. ಅದಕ್ಕೆ ನೆರವಾದ ಅಧಿಕಾರಿಯೂ ಹುದ್ದೆ ಕಳೆದುಕೊಂಡ. 1834ರ ಏಪ್ರಿಲ್‌ನಲ್ಲಿ ಮತ್ತೊಂದು ದಂಗೆ ಎದ್ದಿತು, ಅದನ್ನು ಇನ್ನೂ ಕ್ರೂರವಾಗಿ ಹತ್ತಿಕ್ಕಲಾಯಿತು.

ನನ್ನನ್ನು ಬಹಳ ಕಾಲ ಕಾಡಿದ್ದು ದಂಗೆಗಿಂತ ಅದರ ಆಚೀಚೆ ಆ ಜನ ಕಟ್ಟಿದ ಸಂಸ್ಥೆಗಳು. ಒಬ್ಬರ ಕಷ್ಟಕ್ಕೆ ಒಬ್ಬರಾಗುವ ಸಂಘವನ್ನು 1828ರಲ್ಲೇ ಅವರು ಮಾಡಿಕೊಂಡಿದ್ದರು. ದಂಗೆಯ ವರ್ಷದಲ್ಲಿ ತಮ್ಮದೇ ವಾರಪತ್ರಿಕೆ ತೆಗೆದರು. 1835ರಲ್ಲಿ ಗ್ರಾಂದ್-ಕೋತ್ ಎಂಬ ಏರುಬೀದಿಯಲ್ಲಿ ಗ್ರಾಹಕರ ಸಹಕಾರಿ ಅಂಗಡಿ ತೆರೆದರು. ಸಹಕಾರ ಚಳವಳಿಯ ತವರೆಂದು ಎಲ್ಲರೂ ಹೇಳುವ ಇಂಗ್ಲೆಂಡಿನ ರಾಚ್‌ಡೇಲ್ ಅಂಗಡಿ ಶುರುವಾದದ್ದು ಅದಾದ ಒಂಬತ್ತು ವರ್ಷಗಳ ಮೇಲೆ, 1844ರಲ್ಲಿ.

ಕುರುಹುಗಳಿಗಾಗಿ ದೊಡ್ಡ ಸ್ಮಾರಕ ಹುಡುಕಬೇಡಿ. ಗ್ರಾಂದ್-ಕೋತ್ ಬೀದಿಯನ್ನೇ ಮೇಲಿನಿಂದ ಕೆಳಗೆ ನಡೆಯಿರಿ. ಅವರು ಇಳಿದು ಬಂದ ಇಳಿಜಾರುಗಳು ಇವೇ. ಗುಡ್ಡದ ಮೇಲೆ ‘ಕಾನ್ಯೂಗಳ ಗೋಡೆ’ ಎಂಬ ಭಿತ್ತಿಚಿತ್ರವಿದೆ. ಸುಮಾರು 1,200 ಚದರ ಮೀಟರಿನ ಕಿಟಕಿಯಿಲ್ಲದ ಗೋಡೆಯ ಮೇಲೆ ಮೆಟ್ಟಿಲು, ಮನೆ, ಅಂಗಡಿ, ಜನ ಎಲ್ಲವನ್ನೂ 1987ರಲ್ಲಿ ಬಿಡಿಸಿದರು. ಬಡಾವಣೆ ಬದಲಾದಂತೆ ಚಿತ್ರವನ್ನೂ ಆಗಾಗ ತಿದ್ದುತ್ತಾರೆ, ಅದರೊಳಗಿನ ಜನರಿಗೂ ವಯಸ್ಸಾಗುತ್ತದೆ.

ಪ್ರಶ್ನೆ: ತಾಯಿಗೆ ಎಪ್ಪತ್ತೆರಡು ವರ್ಷ, ಮಂಡಿನೋವು ಇದೆ. ಎರಡು ಗುಡ್ಡಗಳ ಊರು ಎಂದು ಕೇಳಿ ಭಯವಾಗಿದೆ. ಅವರನ್ನು ಕರೆದುಕೊಂಡು ಹೋಗಬಹುದೇ? — ಓದುಗರು, ದಾವಣಗೆರೆ

ಉತ್ತರ: ಧೈರ್ಯವಾಗಿ ಕರೆದುಕೊಂಡು ಹೋಗಿ. ಎರಡೂ ಗುಡ್ಡಗಳಿಗೆ ವಾಹನದ ಏರ್ಪಾಡಿದೆ. ಹಳೆಯ ಲಿಯಾನಿನ ಮೆಟ್ರೊ ನಿಲ್ದಾಣದಿಂದಲೇ ಫೂರ್ವಿಯೇರಿಗೆ ಹಗ್ಗದ ರೈಲು ಏರುತ್ತದೆ. ಊರಿನವರು ಅದನ್ನು ಪ್ರೀತಿಯಿಂದ ‘ಫಿಸೆಲ್’, ಅಂದರೆ ದಾರ ಎನ್ನುತ್ತಾರೆ. ಕ್ರ್ವಾ-ರೂಸಿಗೆ ಹಲ್ಲುಹಳಿಯ ಮೇಲೆ ಹತ್ತುವ ಮೆಟ್ರೊ ಸಿ ಮಾರ್ಗವಿದೆ. ಆದರೆ ಹಳೆಯ ಬೀದಿಗಳ ನೆಲಕ್ಕೆ ಉರುಟು ಕಲ್ಲು ಹಾಸಿದ್ದಾರೆ. ಮಂಡಿಗೆ ಏರುದಾರಿಗಿಂತ ಅದೇ ಹೆಚ್ಚು ತ್ರಾಸ. ಗಟ್ಟಿ ಅಟ್ಟೆಯ ಬೂಟು ಹಾಕಿಸಿ, ಅರ್ಧ ದಿನಕ್ಕೆ ಒಂದೇ ಜಾಗ ಇಟ್ಟುಕೊಳ್ಳಿ. ಸೇಂಟ್-ಜಾನ್ ಕೆಥೆಡ್ರಲ್ಲಿನಲ್ಲಿ 14ನೆಯ ಶತಮಾನದ ಖಗೋಳ ಗಡಿಯಾರವಿದೆ, ಅಲ್ಲಿ ಕುಳಿತುಕೊಳ್ಳಲು ಜಾಗವೂ ಉಂಟು. ಜುಲೈ, ಆಗಸ್ಟ್ ತಿಂಗಳುಗಳ ಬಿಸಿಲು ದಾವಣಗೆರೆಯ ಬೇಸಿಗೆಯನ್ನು ನೆನಪಿಸುವ ದಿನಗಳುಂಟು. ಹಳೆಯ ಹೋಟೆಲುಗಳಲ್ಲಿ ಎ.ಸಿ. ಮತ್ತು ಲಿಫ್ಟ್ ಎರಡೂ ಇವೆಯೇ ಎಂದು ಕೇಳಿಯೇ ಕೋಣೆ ಹಿಡಿಯಿರಿ.

ಪ್ರಶ್ನೆ: ಲಿಯಾನ್ ಊಟಕ್ಕೆ ಹೆಸರಾದ ಊರು ಎನ್ನುತ್ತಾರೆ. ಶುದ್ಧ ಸಸ್ಯಾಹಾರಿಗಳಾದ ನಮಗೆ ಅಲ್ಲಿ ಏನು ಸಿಗುತ್ತದೆ? — ಓದುಗರು, ಉಡುಪಿ

ಉತ್ತರ: ಹೆಸರಾದದ್ದು ನಿಜ, ಆದರೆ ಆ ಹೆಸರಿನ ಬಹುಪಾಲು ಮಾಂಸದ ಅಡುಗೆಗೆ ಸೇರಿದ್ದು. ಊರಿನ ಸಾಂಪ್ರದಾಯಿಕ ಊಟದ ಮನೆಗಳನ್ನು ‘ಬೂಶೋಂ’ ಎನ್ನುತ್ತಾರೆ. ಅಲ್ಲಿಯೂ ನಿಮಗೊಂದು ತಿನಿಸಿದೆ, ಹೆಸರು ಕೇಳಿ ಮಾತ್ರ ಗಾಬರಿಯಾಗಬೇಡಿ: ‘ಸೆರ್ವೆಲ್ ದ ಕಾನ್ಯೂ’, ಅಂದರೆ ನೇಕಾರನ ಮಿದುಳು. ಗಟ್ಟಿ ಮೊಸರಿನಂಥ ತಾಜಾ ಗಿಣ್ಣಿಗೆ (ಚೀಸ್) ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಹಸಿ ಸೊಪ್ಪುಗಳು, ಉಪ್ಪು, ಮೆಣಸು, ಎಣ್ಣೆ, ವಿನೆಗರ್ ಸೇರಿಸಿ ಕಲಸಿ ಬ್ರೆಡ್ಡಿನ ಜೊತೆ ಕೊಡುತ್ತಾರೆ. ನಮ್ಮ ಮೊಸರುಬಜ್ಜಿಯ ದೂರದ ನೆಂಟ ಎನ್ನಬಹುದು. ಮಾಂಸ ಕೊಳ್ಳಲಾಗದ ನೇಕಾರರ ಊಟವಾಗಿತ್ತು ಅದು. ಕೆಲವರು ಸ್ವಲ್ಪ ವೈನ್ ಬೆರೆಸುವುದುಂಟು, ಕೇಳಿ ತಿಳಿದುಕೊಳ್ಳಿ. ಗಿಣ್ಣು ಹೆಪ್ಪಾಗಿಸಲು ಪ್ರಾಣಿಮೂಲದ ಹೆಪ್ಪು ಬಳಸುವುದು ಅಲ್ಲಿ ಸಾಮಾನ್ಯ. ಅದನ್ನೂ ವರ್ಜಿಸುವವರು ಗಿಣ್ಣಿನ ತಿನಿಸುಗಳನ್ನೇ ಬಿಡಬೇಕಾಗುತ್ತದೆ.

‘ಸಲಾದ್ ಲಿಯೊನೇಜ್’ ಎಂಬ ಸೊಪ್ಪಿನ ಕೋಸಂಬರಿಯಲ್ಲಿ ಹಂದಿಮಾಂಸದ ಚೂರುಗಳೂ ಮೊಟ್ಟೆಯೂ ಇರುತ್ತವೆ. ‘ಸಾಂ ವಿಯಾಂದ್’, ಅಂದರೆ ಮಾಂಸವಿಲ್ಲದೆ, ಎಂದಷ್ಟೇ ಹೇಳಿದರೆ ಸಾಲದು; ಆ ಚೂರುಗಳನ್ನು ಮಾಂಸವೆಂದು ಲೆಕ್ಕ ಹಿಡಿಯದವರೂ ಇದ್ದಾರೆ, ಆದ್ದರಿಂದ ‘ಸಾಂ ಲಾರ್ದೋಂ’ ಎಂದು ಬಿಡಿಸಿ ಹೇಳಿ. ಸಕ್ಕರೆ ಪಾಕದ ಗುಲಾಬಿ ಬಣ್ಣದ ಬಾದಾಮಿ ತುಂಬಿದ ಪ್ರಲೀನ್ ಕಡುಬನ್ನು ಮೊಟ್ಟೆ ತಿನ್ನುವವರು ಬಿಡಬಾರದು. ಉಳಿದಂತೆ, ಸೋಮವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ ಕ್ರ್ವಾ-ರೂಸಿನ ಅಗಲವಾದ ಮುಖ್ಯ ಬೀದಿಯುದ್ದಕ್ಕೂ ಸಂತೆ ನೆರೆಯುತ್ತದೆ: ಹಣ್ಣು, ತರಕಾರಿ, ಬ್ರೆಡ್ಡು, ಬಗೆಬಗೆಯ ಆಲಿವ್ ಕಾಯಿ. ಅಡುಗೆಮನೆಯಿರುವ ಬಾಡಿಗೆ ಕೋಣೆ ಹಿಡಿದರೆ ನಿಮ್ಮ ಊಟದ ಚಿಂತೆ ಅರ್ಧ ಕಳೆದಂತೆ. ಗಿಯೊತಿಯೇರ್ ಬಡಾವಣೆಯ ಏಷ್ಯಾ ಮೂಲದ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಹಸಿಮೆಣಸಿನಕಾಯಿ ದೊರೆಯುತ್ತವೆ.

ಪ್ರಶ್ನೆ: ಡಿಸೆಂಬರಿನ ದೀಪೋತ್ಸವಕ್ಕೆ ಹೋಗುವುದು ಒಳ್ಳೆಯದೇ? — ಓದುಗರು, ಹುಬ್ಬಳ್ಳಿ

ಉತ್ತರ: ಜನಜಂಗುಳಿ ಸಹಿಸಬಲ್ಲಿರಾದರೆ ಹೋಗಿ. 1852ರಲ್ಲಿ ಫೂರ್ವಿಯೇರಿನ ಗುಡಿಯ ಮೇಲೆ ಮೇರಿ ಮಾತೆಯ ಪ್ರತಿಮೆಯನ್ನು ಸೆಪ್ಟೆಂಬರಿನಲ್ಲಿ ಪ್ರತಿಷ್ಠಾಪಿಸಬೇಕೆಂದಿತ್ತು. ಸೋನ್ ನದಿಯ ನೆರೆಯಿಂದ ಅದು ಡಿಸೆಂಬರ್ 8ಕ್ಕೆ ಮುಂದೆ ಹೋಯಿತು. ಅಂದೂ ಮಳೆಗಾಳಿ ಬಂದು ಸಮಾರಂಭ ನಿಲ್ಲುವಂತಾಗಿತ್ತು. ಸಂಜೆ ಆಕಾಶ ತಿಳಿಯಾದಾಗ ಜನ ತಾವಾಗಿಯೇ ಕಿಟಕಿಗಳಲ್ಲಿ ಮೇಣದ ದೀಪ ಹಚ್ಚಿಟ್ಟರು. ಅಂದಿನಿಂದ ಪ್ರತಿ ಡಿಸೆಂಬರ್ 8ರಂದು ಮನೆಮನೆಯ ಕಿಟಕಿಯಲ್ಲಿ ಗಾಜಿನ ಬಟ್ಟಲುಗಳಲ್ಲಿ ದೀಪ ಉರಿಯುತ್ತದೆ. ಇಂದು ನಾಲ್ಕು ರಾತ್ರಿಗಳ ಬೆಳಕಿನ ಪ್ರದರ್ಶನವೂ ಅದಕ್ಕೆ ಸೇರಿಕೊಂಡು ಲಕ್ಷಾಂತರ ಜನ ಬರುತ್ತಾರೆ. ಹೋಟೆಲ್ ದರ ಏರುತ್ತದೆ, ಕೋಣೆಗಳನ್ನು ತಿಂಗಳುಗಟ್ಟಲೆ ಮುಂಚೆ ಹಿಡಿಯಬೇಕು. ಚೌಕಗಳ ವಿದ್ಯುತ್ ಬೆಳಕನ್ನು ಒಂದು ಸುತ್ತು ನೋಡಿ ಮುಗಿಸಿ, 8ನೆಯ ತಾರೀಖಿನ ಸಂಜೆ ಜನ ಕಡಿಮೆಯಿರುವ ಒಳಬೀದಿಯಲ್ಲಿ ನಡೆಯಿರಿ. ಮೂರನೆಯ ಅಂತಸ್ತಿನ ಕಿಟಕಿಯಲ್ಲಿ ಒಬ್ಬ ಮುದುಕಿ ಗಾಳಿಗೆ ಆರಿದ ದೀಪವನ್ನು ಕೈ ಮರೆಮಾಡಿ ಮತ್ತೆ ಹಚ್ಚುತ್ತಿದ್ದುದನ್ನು ನಾನು ಅಂಥದೊಂದು ಬೀದಿಯಲ್ಲಿ ನಿಂತು ನೋಡಿದ್ದೆ. ನಮ್ಮ ಕಾರ್ತಿಕದ ಸಂಜೆಗಳನ್ನು ಬಲ್ಲವರಿಗೆ ಅದು ಪರದೇಶವೆನಿಸದು.

ಪ್ರಶ್ನೆ: ಈಗಲೂ ಅಲ್ಲಿ ರೇಷ್ಮೆ ಬೆಳೆಯುತ್ತಾರೆಯೇ? ಲಿಯಾನಿನ ರೇಷ್ಮೆ ಕೊಂಡು ತರಬಹುದೇ? — ನೂಲು ಬಿಚ್ಚಾಣಿಕೆದಾರರು, ಶಿಡ್ಲಘಟ್ಟ

ಉತ್ತರ: ಲಿಯಾನ್ ಎಂದೂ ಮುಖ್ಯವಾಗಿ ಗೂಡಿನ ಊರಾಗಿರಲಿಲ್ಲ, ಅದು ಮಗ್ಗದ ಊರು. 1536ರಲ್ಲಿ ಒಂದನೆಯ ಫ್ರಾನ್ಸಿಸ್ ದೊರೆ ಇಲ್ಲಿ ರೇಷ್ಮೆ ನೇಯ್ಗೆಗೆ ವಿಶೇಷ ಸವಲತ್ತು ಕೊಟ್ಟ ಮೇಲೆ ಕಸುಬು ಬೆಳೆಯಿತು. ಹುಳು ಸಾಕಣೆ ನಡೆಯುತ್ತಿದ್ದುದು ಹೆಚ್ಚಾಗಿ ದಕ್ಷಿಣದ ಪ್ರದೇಶಗಳಲ್ಲಿ. 19ನೆಯ ಶತಮಾನದ ನಡುವಿನಲ್ಲಿ ಪೆಬ್ರಿನ್ ರೋಗ ಬಂದು ಆ ಸಾಕಣೆ ನೆಲಕಚ್ಚಿತು. ಸರ್ಕಾರದ ಕೋರಿಕೆಯ ಮೇಲೆ ಲೂಯಿ ಪಾಶ್ಚರ್ 1865ರಿಂದ ಆಲೆಸ್ ಎಂಬ ಊರಿನಲ್ಲಿ ಹಲವು ವರ್ಷ ದುಡಿದು, ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿದ್ದರೆ ಅದರ ಮೊಟ್ಟೆಗಳನ್ನು ನಾಶಮಾಡುವ ಕ್ರಮವನ್ನು ರೂಢಿಗೆ ತಂದರು. ನಿಮ್ಮ ಸುತ್ತಲಿನ ರೈತರು ಸಾಕುವ ಹುಳುಗಳ ರೋಗರಹಿತ ಮೊಟ್ಟೆಗಳು ಇಂದಿಗೂ ಬಿತ್ತನೆ ಕೇಂದ್ರಗಳಲ್ಲಿ ಅದೇ ತಾಯಿ ಚಿಟ್ಟೆ ಪರೀಕ್ಷೆ ದಾಟಿಯೇ ಬರುತ್ತವೆ. ಆದರೆ ಫ್ರಾನ್ಸಿನ ಸಾಕಣೆ ಹಳೆಯ ಮಟ್ಟಕ್ಕೆ ಮರಳಲಿಲ್ಲ. ಲಿಯಾನಿನ ವ್ಯಾಪಾರಿಗಳು ಚೀನಾ, ಜಪಾನುಗಳ ಕಚ್ಚಾ ರೇಷ್ಮೆಯನ್ನು ನೆಚ್ಚಿಕೊಂಡರು. ಮುಂದೆ ಕೃತಕ ನೂಲು ಬಂದಾಗ ಗುಡ್ಡದ ಮಗ್ಗಗಳು ಒಂದೊಂದಾಗಿ ಮೌನವಾದವು.

ಈಗ ಉಳಿದಿರುವುದು ಕೆಲವೇ ಮನೆತನಗಳ ಕಾರ್ಖಾನೆಗಳು. 1752ರಷ್ಟು ಹಿಂದಕ್ಕೆ ತನ್ನ ಮೂಲವನ್ನು ಗುರುತಿಸುವ ಪ್ರೆಲ್ ಸಂಸ್ಥೆ ವರ್ಸಾಯ್ ಅರಮನೆಯ ಹಳೆಯ ಪರದೆ, ಗೋಡೆಬಟ್ಟೆಗಳನ್ನು ಮೂಲದಂತೆಯೇ ಮರಳಿ ನೇಯ್ದುಕೊಟ್ಟಿದೆ. ಅಂಥ ಕುಸುರಿಯ ಮಖಮಲ್ಲು ಕೈಮಗ್ಗದಲ್ಲಿ ದಿನಕ್ಕೆ ಕೆಲವೇ ಸೆಂಟಿಮೀಟರ್ ಸಾಗುತ್ತದೆ. ಅದನ್ನು ಕೊಳ್ಳುವುದು ನಮ್ಮ ನಿಮ್ಮಂಥವರ ಕೈಯಲ್ಲಾಗದು. ಕೊರಳವಸ್ತ್ರ ಕೊಳ್ಳಬಹುದು. ಹಳೆಯ ಲಿಯಾನಿನ ಅಂಗಡಿಗಳಲ್ಲಿ ಬೇರೆಡೆಯಿಂದ ತಂದ ಮಾಲೂ ಇರುತ್ತದೆ. ನೇಯ್ದದ್ದು ಎಲ್ಲಿ, ಅಚ್ಚು ಹಾಕಿದ್ದು ಎಲ್ಲಿ ಎಂದು ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ನೀವು ಬೆರಳಿನಲ್ಲಿ ಎಳೆ ಹಿಡಿದು ನೂಲಿನ ಗುಣ ಹೇಳಬಲ್ಲವರು. ಅಂಗಡಿಯವರಿಗೆ ಅದನ್ನು ತಿಳಿಸಿ ನೋಡಿ. ನಾನು ರಾಮನಗರದ ಗೂಡಿನ ಮಾರುಕಟ್ಟೆಯ ವಿಷಯ ಹೇಳಿದಾಗ ಒಬ್ಬ ವೃದ್ಧ ಅಂಗಡಿಕಾರರು ಅಂಗಡಿಗೆ ಬಂದ ಬೇರೆ ಗಿರಾಕಿಗಳನ್ನು ಮರೆತು, ಒಂದು ಗೂಡಿನಿಂದ ಎಷ್ಟು ಉದ್ದದ ಎಳೆ ಬರುತ್ತದೆ, ನೀರು ಎಷ್ಟು ಬಿಸಿ ಇರಬೇಕು, ಬಿಚ್ಚುವವರು ಗಂಡಸರೋ ಹೆಂಗಸರೋ ಎಂದು ಅರ್ಧ ಗಂಟೆ ಕೇಳುತ್ತಲೇ ಇದ್ದರು. ನೀರಿನ ಬಿಸಿಯ ಪ್ರಶ್ನೆಗೆ ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ. ನೀವು ಹೋದಾಗ ಅವರಿಗೆ ಹೇಳಿ ಬನ್ನಿ.